ಸಿ ಮತ್ತು ಪೈಥಾನ್ ನಡುವಿನ ಗಡಿಯನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ, ಪೈಥಾನ್ ಎಂಬ ಎರಡೂ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸುತ್ತಾರೆ. ಆದರೆ ಪೈಥಾನ್‌ನಲ್ಲಿರುವ ಬೈಟ್‌ಗಳನ್ನು ಸಿ ಲೈಬ್ರರಿಯ (ಸಿಯಲ್ಲಿ ಬರೆದ ಸಿದ್ಧ ಫಂಕ್ಷನ್‌ಗಳ ಸಂಗ್ರಹದ) ಕೈಗೊಪ್ಪಿಸುವಾಗ ಏನಾಗುತ್ತದೆ ಎಂಬುದು ಸಾಮಾನ್ಯವಾಗಿ ಆ ಪಾಠದಲ್ಲೂ ಇರುವುದಿಲ್ಲ, ಈ ಪಾಠದಲ್ಲೂ ಇರುವುದಿಲ್ಲ. ಚಿತ್ರ, ಧ್ವನಿ, ಗೂಢಲಿಪಿಗಳ ಕೆಲಸವನ್ನು ತೆರೆಮರೆಯಲ್ಲಿ ಮಾಡುತ್ತಿರುವುದು ಬಹುಮಟ್ಟಿಗೆ ಸಿ ಲೈಬ್ರರಿಗಳೇ ಆಗಿರುವಾಗ ಇದು ಸಣ್ಣ ಕೊರತೆಯಲ್ಲ.

ಪೈಥಾನ್‌ನ ಬೈಟ್ ಸರಣಿಗೆ ತನ್ನ ಉದ್ದ ಗೊತ್ತಿರುತ್ತದೆ. ಸಿ ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲಿಗೆ) ಅಂಥ ಲೆಕ್ಕವಿಲ್ಲ, ಸೊನ್ನೆ ಬೆಲೆಯ ಬೈಟ್ ಎದುರಾದಲ್ಲಿಗೆ ಅದು ಮುಗಿಯಿತು. ಪಿಎನ್‌ಜಿ ಚಿತ್ರದ ಕಡತವನ್ನೇ ನೋಡಿ: ಮೊದಲ 8 ಬೈಟ್ ಅದರ ಗುರುತು, ಒಂಬತ್ತನೆಯದು ಸೊನ್ನೆ. ಹೀಗಾಗಿ ಚಿತ್ರ ಎಷ್ಟೇ ದೊಡ್ಡದಿರಲಿ, ಅದನ್ನು ಸ್ಟ್ರಿಂಗ್ ಎಂದು ಓದುವ ಫಂಕ್ಷನ್‌ಗೆ ಕಾಣುವುದು ಆ 8 ಬೈಟ್ ಮಾತ್ರ. ಉಳಿದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ.

ಉದ್ದವನ್ನು ಬೇರೆಯಾಗಿ ಕಳುಹಿಸುವುದೇ ಇದಕ್ಕೆ ಪರಿಹಾರವಾದರೂ, ಯಾವ ಉದ್ದ ಎಂಬ ಪ್ರಶ್ನೆ ಉಳಿಯುತ್ತದೆ. ‘ಕನ್ನಡ’ ಎಂಬ ಪದ ಪೈಥಾನ್ 3ರ ಎಣಿಕೆಯಲ್ಲಿ 5 (ಕ, ನ, ಒತ್ತಕ್ಷರಕ್ಕೆ ಬೇಕಾದ ಚಿಹ್ನೆ, ನ, ಡ), ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ರ ಬೈಟ್‌ಗಳಲ್ಲಿ 15. ಇಂಗ್ಲಿಷ್ ಪದಗಳಿಗೆ ಎರಡೂ ಲೆಕ್ಕ ಒಂದೇ ಆಗುವುದರಿಂದ, ಇಂಗ್ಲಿಷ್ ಉದಾಹರಣೆಗಳನ್ನಷ್ಟೇ ಓಡಿಸಿ ನೋಡುವ ವಿದ್ಯಾರ್ಥಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಸಿ ಕಡೆಯಿಂದ ಮರಳುವ ದಾರಿ ಇನ್ನೂ ತೊಡಕಿನದು. ಲೈಬ್ರರಿ ತಾನೇ ಮೆಮೊರಿ ಪಡೆದು ಅದರ ವಿಳಾಸವನ್ನು ಹಿಂದಿರುಗಿಸಿದಾಗ, ಪೈಥಾನ್‌ನಿಂದ ಸಿ ಫಂಕ್ಷನ್‌ಗಳನ್ನು ಕರೆಯುವ ಸಾಧನವಾದ ಸಿಟೈಪ್ಸ್‌ಗೆ ‘ಇದು ಸ್ಟ್ರಿಂಗ್’ ಎಂದು ತಿಳಿಸಿದ್ದರೆ ಅದು ಬೈಟ್‌ಗಳ ನಕಲನ್ನಷ್ಟೇ ನಮಗೆ ಕೊಟ್ಟು ಮೂಲ ವಿಳಾಸವನ್ನು ಕೈಬಿಡುತ್ತದೆ. ವಿಳಾಸವೇ ಇಲ್ಲದ ಮೇಲೆ ಆ ಮೆಮೊರಿಯನ್ನು ಬಿಡುಗಡೆ ಮಾಡುವವರು ಯಾರು? ದಿನಗಟ್ಟಲೆ ಓಡುವ ಸರ್ವರ್‌ನಲ್ಲಿ ಈ ಸೋರಿಕೆ ನಿಧಾನವಾಗಿ ಬೆಳೆಯುತ್ತದೆ.

ಉದ್ದದ ವಿಷಯದ ಉದಾಸೀನ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವೇ ಸಾಕ್ಷಿ. ಅದು ಪೈಥಾನ್‌ಗೆ ಸಂಬಂಧಿಸಿದ್ದಲ್ಲ, ನಿಜ. ಆದರೆ ಎದುರಿನವರು ಹೇಳಿದ ಉದ್ದವನ್ನು ಅಂತರ್ಜಾಲ ಸಂಪರ್ಕಕ್ಕೆ ಗೂಢಲಿಪಿ ಒದಗಿಸುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಪರೀಕ್ಷಿಸದೆ ನಂಬಿದ್ದರಿಂದ, ಒಂದೊಂದು ಕೋರಿಕೆಗೆ 64 ಕಿಲೋಬೈಟ್‌ವರೆಗಿನ ಮೆಮೊರಿ ಹೊರಗಿನವರ ಪಾಲಾಗುವಂತಿತ್ತು.

ಪಠ್ಯಕ್ರಮ ರೂಪಿಸುವವರು ಪ್ರಯೋಗಾಲಯದಲ್ಲಿ ಒಂದು ಅಭ್ಯಾಸವನ್ನಾದರೂ ಸೇರಿಸಲಿ: ಒಂದು ಕನ್ನಡ ಪದ, ಒಂದು ಪಿಎನ್‌ಜಿ ಕಡತ, ಎರಡನ್ನೂ ಸ್ಟ್ರಿಂಗ್ ಉದ್ದ ಅಳೆಯುವ ಸಿ ಭಾಷೆಯ ಸ್ಟ್ರ್‌ಲೆನ್ ಫಂಕ್ಷನ್‌ಗೆ ಕೊಟ್ಟು, ಬಂದ ಉತ್ತರವನ್ನು ಪೈಥಾನ್ ಹೇಳುವ ಉದ್ದದೊಂದಿಗೆ ಹೋಲಿಸುವುದು. ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಿಲ್ಲ. ಸಿಟೈಪ್ಸ್ 2006ರಿಂದಲೂ ಪೈಥಾನ್ ಜೊತೆಗೇ ಬರುತ್ತಿದೆ.

ಇಂತಿ,
ಒಬ್ಬ ತಂತ್ರಾಂಶ ಉದ್ಯೋಗಿ, ಮೈಸೂರು