ಸೇಫ್ಟಿ ಪಾಠ ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿ

ಸಂಪಾದಕರೇ,

ಅದಿರಿನಿಂದ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಕಾರ್ಖಾನೆಯ ಗೇಟಿನ ಮುಂದೆ ಸೋಮವಾರ ನಡೆದದ್ದನ್ನು ಇವತ್ತಿನ ಪತ್ರಿಕೆಯಲ್ಲಿ ‘ಕಾರ್ಮಿಕರ ಗಲಾಟೆ’ ಎಂದು ಬರೆದಿದ್ದೀರಿ. ಆ ಗುಂಪಿನಲ್ಲಿ ನಾನೂ ಇದ್ದೆ. ಅದು ಗಲಾಟೆ ಅಲ್ಲ. ಸೇಫ್ಟಿ ಪಾಠವನ್ನು ಕನ್ನಡದಲ್ಲಿ ಹೇಳಿ ಅಂತ ಕೇಳಿದೆವು, ಅಷ್ಟೇ. ಕೇಳಿದ್ದಕ್ಕೆ ಹೊರಗೆ ಹಾಕಿದರು. ನಿಮ್ಮ ವರದಿಯಲ್ಲಿ ಈ ಮಾತು ಒಂದು ಸಾಲೂ ಇಲ್ಲ.

ನಾನು ವೆಲ್ಡರ್. ಐಟಿಐ ಮುಗಿಸಿ 16 ವರ್ಷ ಆಯಿತು. ಶಟ್‌ಡೌನ್ (ಯಂತ್ರ ನಿಲ್ಲಿಸಿ ಮಾಡುವ ರಿಪೇರಿ) ಕೆಲಸಕ್ಕೆ ಕಾಂಟ್ರ್ಯಾಕ್ಟರ್ ಕರೆದಿದ್ದರು. ಒಳಗೆ ಹೋಗಲು ಗೇಟ್ ಪಾಸ್ ಬೇಕು. ಪಾಸ್ ಸಿಗಬೇಕಾದರೆ ಮೊದಲು ಸೇಫ್ಟಿ ಕ್ಲಾಸ್ ಆಗಬೇಕು. ಒಳ್ಳೆಯ ನಿಯಮ, ಅದಕ್ಕೆ ನನ್ನ ತಕರಾರಿಲ್ಲ. ಬೆಳಿಗ್ಗೆ ಐದೂವರೆಗೆ ಕೌಲ್ ಬಜಾರಿನಿಂದ ಹೊರಟೆ. ಒಂದು ಆಟೊ, ಒಂದು ಬಸ್ಸು, ಮತ್ತೆ ಒಂದು ಆಟೊ. ಗೇಟಿನ ಮುಂದೆ ನೆರಳಿಲ್ಲ, ಕುಡಿಯಲು ನೀರಿಲ್ಲ. ಹತ್ತು ಗಂಟೆವರೆಗೆ ಬಿಸಿಲಲ್ಲಿ ನಿಂತೆವು. ಬಳ್ಳಾರಿ ಬಿಸಿಲನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಒಂದು ಕೋಣೆಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ವಿಡಿಯೊ ಹಾಕಿದರು. ಪೂರ್ತಿ ಹಿಂದಿ. ನನಗೆ ಹಿಂದಿ ಬರುವುದಿಲ್ಲ ಅಂತ ಹೇಳುತ್ತಿಲ್ಲ. ಕೌಲ್ ಬಜಾರಿನಲ್ಲಿ ಬೆಳೆದವನಿಗೆ ಉರ್ದು ಬರದೆ ಇರುತ್ತದೆಯೇ? ವ್ಯಾಪಾರ ಮಾಡುತ್ತೇನೆ, ಜಗಳ ಆಡುತ್ತೇನೆ, ಎಲ್ಲ ಆಗುತ್ತದೆ. ಆದರೆ ಆ ವಿಡಿಯೊದ ಹಿಂದಿ ಬೇರೆ. ‘ರಿಸಾವ್’ ಅಂದರು, ‘ಅಗ್ನಿಶಮನ್ ಯಂತ್ರ’ ಅಂದರು, ‘ನಿಕಾಸ್ ದ್ವಾರ್’ ಅಂದರು. ಸೋರಿಕೆ, ಬೆಂಕಿ ಆರಿಸುವ ಸಿಲಿಂಡರ್, ಹೊರಗೆ ಓಡುವ ಬಾಗಿಲು ಅಂದಿದ್ದರೆ ಕೋಣೆಯಲ್ಲಿದ್ದ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ತಿಳಿಯುತ್ತಿತ್ತು.

ನನ್ನ ಪಕ್ಕದಲ್ಲಿ ಕುರುಗೋಡು ಕಡೆಯ ಹುಡುಗ ಇದ್ದ, ನನ್ನ ಹೆಲ್ಪರ್. ವಯಸ್ಸು 19. ಅವನಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಗೋಡೆಯ ಮೇಲೆ ಕೆಂಪು ಬೋರ್ಡ್ ಇತ್ತು. ಮೇಲೆ ಹಿಂದಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು. ಏನಿದೆ ಅಂತ ಕೇಳಿದ. ‘ಸಾವಧಾನ್’ ಅಂತ ಓದಿ ಹೇಳಿದೆ. “ನಿಧಾನವಾಗಿ ಹೋಗಿ ಅಂತ ಅಲ್ವಾ ಅಣ್ಣಾ?” ಅಂದ. ಅವನ ತಪ್ಪೇನು? ನಮ್ಮಲ್ಲಿ ಸಾವಧಾನ ಅಂದರೆ ಅವಸರ ಇಲ್ಲ ಅಂತ ತಾನೇ? ಅಲ್ಲಿ ಬರೆದಿದ್ದು ಎಚ್ಚರಿಕೆ, ಗ್ಯಾಸ್ ಇದೆ ಅಂತ. ಆ ಬೋರ್ಡ್ ನೋಡಿದರೆ ತಕ್ಷಣ ಹಿಂದೆ ಸರಿಯಬೇಕು. ಕಲ್ಲಿದ್ದಲು ಉರಿಯುವ ಕಿಲ್ನ್, ಅಂದರೆ ದೊಡ್ಡ ಕುಲುಮೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗ್ಯಾಸ್ ಸೋರಿದರೆ ಬಣ್ಣ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ತಲೆ ಸುತ್ತುತ್ತದೆ, ಬೀಳುತ್ತಾರೆ. ಬಿದ್ದವನನ್ನು ಎತ್ತಲು ಗಾಳಿ ಸಿಲಿಂಡರಿನ ಮಾಸ್ಕ್ ಇಲ್ಲದೆ ನುಗ್ಗಿದವನೂ ಬೀಳುತ್ತಾನೆ. ಇದನ್ನು ಹುಡುಗನಿಗೆ ಹೇಳಿದ್ದು ನಾನು, ಗೇಟಿನ ಹೊರಗೆ, ಚಹಾ ಅಂಗಡಿಯಲ್ಲಿ.

ಕೊನೆಗೆ ಹತ್ತು ಪ್ರಶ್ನೆಯ ಪರೀಕ್ಷೆ. ಹಿಂದಿ ಮತ್ತು ಇಂಗ್ಲಿಷ್ ಮಾತ್ರ. ಕನ್ನಡದ ಹಾಳೆ ಕೊಡಿ ಸಾರ್ ಅಂತ ಎದ್ದು ಕೇಳಿದೆ. “ಹಿಂದಿ ತೋ ಸಬ್ ಕೋ ಆತಾ ಹೈ” (ಹಿಂದಿ ಎಲ್ಲರಿಗೂ ಬರುತ್ತದೆ) ಅಂದರು. ನಮಗೆ ಬರುವುದಿಲ್ಲ ಅಂತ ಇನ್ನೂ ನಾಲ್ಕೈದು ಜನ ಎದ್ದರು. ನಮ್ಮನ್ನೆಲ್ಲ ಹೊರಗೆ ಕಳಿಸಿದರು, ಶುಕ್ರವಾರ ಬನ್ನಿ ಅಂದರು. ಮೂರು ದಿನದ ಪಗಾರ ಹೋಯಿತು, ಕೊಡುವವರು ಯಾರು? ಹುಡುಗ ಸುಮ್ನೆ ಕೂತಿದ್ದ. ಮುಂದಿನವನ ಹಾಳೆ ನೋಡಿ ಟಿಕ್ ಹಾಕಿದ. ಪಾಸಾದ. ನನಗೆ ನಿದ್ದೆ ಬಾರದಿರುವುದು ಇದೊಂದಕ್ಕೇ.

ನಾನು ಬೇರೆ ಭಾಷೆಯವರ ಮೇಲೆ ದೂರು ಹೇಳುತ್ತಿಲ್ಲ. ನಮ್ಮ ಅವ್ವನ ತವರು ಆದೋನಿ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದರೂ ನಮ್ಮ ಮನೆಯಲ್ಲಿ ಎರಡು ಭಾಷೆ ಹಾಗೇ ಉಳಿಯಿತು. ಬಳ್ಳಾರಿ ರಾಘವರು ತೆಲುಗು ನಾಟಕವನ್ನೂ ಆಡಿದರು, ಕನ್ನಡ ನಾಟಕವನ್ನೂ ಆಡಿದರು. ಬಳ್ಳಾರಿ ಕನ್ನಡ ನಾಡಿಗೆ ಸೇರಲಿ ಅಂತ ಜೀವ ಕೊಟ್ಟವರು ರಂಜಾನ್ ಸಾಬ್. ಇಂಥ ಊರಿನಲ್ಲಿ ಒಂದೇ ಭಾಷೆ ಸಾಕು ಅಂತ ತೀರ್ಮಾನ ಮಾಡಲು ಇವರು ಯಾರು? ನಮ್ಮ ಜೊತೆ ಒಡಿಶಾದ ಇಬ್ಬರು ಇದ್ದರು. ಅವರಿಗೂ ವಿಡಿಯೊ ಸರಿಯಾಗಿ ತಿಳಿಯಲಿಲ್ಲ, ಪಾಪ. ಅವರಿಗೆ ಒಡಿಯಾದಲ್ಲಿ ಹೇಳಲಿ. ಒಳಗೆ ಕೆಲಸದ ಹೊತ್ತಿನಲ್ಲಿ ನಾವು ನಾಲ್ಕು ಭಾಷೆ ಕಲಸಿಕೊಂಡೇ ಮಾತಾಡುತ್ತೇವೆ, ಯಾರಿಗೂ ತೊಂದರೆ ಆಗಿಲ್ಲ. ತೊಂದರೆ ಇರುವುದು ಆಫೀಸಿನಲ್ಲಿ ಕೂತವರಿಗೆ.

1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು, ಹಾಕಬೇಕಾದ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂತ. ಐಟಿಐನಲ್ಲಿ ನಮ್ಮ ಮೇಷ್ಟ್ರು ಇದನ್ನು ಬಾಯಿಪಾಠ ಮಾಡಿಸಿದ್ದರು. ತಪಾಸಣೆಗೆ ಬರುವ ಅಧಿಕಾರಿಗಳಿಗೆ ಇದು ಗೊತ್ತಿಲ್ಲವೇ? ಅವರು ಆ ಕೆಂಪು ಬೋರ್ಡ್ ನೋಡಿಯೇ ಇಲ್ಲವೇ? ಅಧಿಕಾರಿಗಳ ಕಥೆಯೇ ಇಷ್ಟು. ಹೋದ ವರ್ಷ ನನ್ನ ತಮ್ಮನ ಕಾರ್ಮಿಕ ಕಾರ್ಡಿಗೆ ಒಂದು ಕಚೇರಿಗೆ ಐದು ಸಲ ಅಲೆದೆ. ಅರ್ಜಿ ತಿರಸ್ಕಾರ ಆದ ಕಾರಣ ಮೊಬೈಲಿಗೆ ಇಂಗ್ಲಿಷಿನಲ್ಲಿ ಬಂತು. ಅದನ್ನು ಓದಿಸಲು ಸೈಬರ್ ಅಂಗಡಿಯವನಿಗೆ ಮತ್ತೆ ದುಡ್ಡು. ಬ್ಯಾಂಕಿನ ಚಲನ್ ಮೂರು ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನಾನು ಹೋಗುವ ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿದರೆ ಖಾಲಿ ಆಗಿದೆ ಅನ್ನುತ್ತಾರೆ. ಎರಡು ವರ್ಷದಿಂದ ಖಾಲಿ. ನವೆಂಬರ್ 1ಕ್ಕೆ ಮಾತ್ರ ಎಲ್ಲರೂ ಬಾವುಟ ಕಟ್ಟುತ್ತಾರೆ.

ಸಂಬಂಧಪಟ್ಟವರು ಕೂಡಲೇ ಕ್ರಮ ತೆಗೆದುಕೊಳ್ಳಬೇಕು. ಸೇಫ್ಟಿ ಕ್ಲಾಸು ಕನ್ನಡದಲ್ಲಿ ಆಗಬೇಕು, ತೆಲುಗು, ಒಡಿಯಾ ಬೇಕಾದವರಿಗೆ ಅದರಲ್ಲೂ ಆಗಬೇಕು. ಬೋರ್ಡ್ ಬದಲಾಗಬೇಕು. ಗೇಟಿನ ಮುಂದೆ ನೆರಳು, ನೀರು ಬೇಕು. ಎಲ್ಲಕ್ಕಿಂತ ಮೊದಲು ಅಧಿಕಾರಿಗಳು ಕುರ್ಚಿ ಬಿಟ್ಟು ಎದ್ದು ಬಂದು ನೋಡಲಿ. ಸಂಬಳ ತೆಗೆದುಕೊಳ್ಳುವುದಿಲ್ಲವೇ? ನಾಚಿಕೆ ಆಗಬೇಕು. ನಾನು ಶುಕ್ರವಾರ ಮತ್ತೆ ಹೋಗಿ ಆ ಕೋಣೆಯಲ್ಲಿ ಕೂರುತ್ತೇನೆ. ಹುಡುಗ ನಿನ್ನೆಯಿಂದಲೇ ಕಿಲ್ನ್ ಹತ್ತಿರ ಕೆಲಸ ಮಾಡುತ್ತಿದ್ದಾನೆ.

– ಒಬ್ಬ ವೆಲ್ಡರ್, ಕೌಲ್ ಬಜಾರ್, ಬಳ್ಳಾರಿ