ಕುಳ್ಳ ಹುಡುಗರದೂ ಒಂದು ಪಟ್ಟಿ ಇರಲಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ 14 ವರ್ಷದೊಳಗಿನವರ ಕಬಡ್ಡಿ ತಂಡವೊಂದರ ಫೋಟೊ ನೋಡಿದೆ. ಹಿಂದೆ ನಿಂತ ಮೂವರಿಗೆ ಮೀಸೆ ಚಿಗುರಿದೆ. ಮುಂದೆ ಕೂತವರ ತೋಳು ನೋಡಿದರೆ ಪಿಯು ಹುಡುಗರು ಅನ್ನಬೇಕು. ವಯಸ್ಸು ಸುಳ್ಳು ಬರೆಸಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಎಲ್ಲರೂ ನಿಜಕ್ಕೂ ಹದಿಮೂರರವರೇ ಇರಬಹುದು. ಬೇಗ ಬೆಳೆದವರು, ಅಷ್ಟೆ. ನನ್ನ ತಕರಾರು ಇರುವುದು ಆರಿಸುವ ನಮ್ಮಂಥವರ ಮೇಲೆ.

ನಮ್ಮಂಥವರು ಅಂದೆ. ಯಾಕೆಂದರೆ ನಾನೂ ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಪಿಟಿ ಮಾಸ್ತರನಾಗಿದ್ದವನು. ಜೂನ್‌ನಲ್ಲಿ ಶಾಲೆ ಶುರು, ಜುಲೈ-ಆಗಸ್ಟ್ ಹೊತ್ತಿಗೆ ಹೋಬಳಿ ಮಟ್ಟದ ಆಟ. ಆಗ ಜಿಟಿಜಿಟಿ ಮಳೆ, ಎರೆ ಮಣ್ಣಿನ ಮೈದಾನ. ಕಾಲಿಗೆ ಮೆತ್ತಿದ ಮಣ್ಣೇ ಅರ್ಧ ಕೆಜಿ ತೂಗುತ್ತದೆ. ಕಲಿಸಲು ಸಿಗುವುದು ಐದಾರು ವಾರ. ಹಾಗಾಗಿ ನಾನು ಸುಲಭದ ದಾರಿ ಹಿಡಿದಿದ್ದೆ. ಪ್ರಾರ್ಥನೆಗೆ ಎತ್ತರದ ಹುಡುಗರು ಸಾಲಿನ ಹಿಂದೆ ನಿಲ್ಲುತ್ತಾರಲ್ಲ, ಆ ಹಿಂದಿನಿಂದ ಹನ್ನೆರಡು ಮಂದಿಯನ್ನು ಎಣಿಸಿಬಿಡುವುದು. ತಾಲ್ಲೂಕು ಗೆದ್ದರೆ ಹೆಡ್ ಮಾಸ್ತರರು ಬೆನ್ನು ತಟ್ಟುತ್ತಿದ್ದರು. ವಿಭಾಗ ಮಟ್ಟಕ್ಕೆ ಹೋದಾಗ ನಮ್ಮವರಿಗಿಂತ ದೊಡ್ಡ ಮೈಯವರು ಬಂದಿರುತ್ತಿದ್ದರು, ಸೋತು ವಾಪಸ್.

ಒಬ್ಬ ಹುಡುಗ ಈಗಲೂ ನೆನಪಿದ್ದಾನೆ. ಏಳನೇ ಇಯತ್ತೆ, ಕಡ್ಡಿಯಂಥ ಮೈ. ರೇಡಿಗೆ ಹೋದರೆ ಎಲ್ಲರೂ ಎದುರಿನವರ ಕೈ ನೋಡುತ್ತಾರೆ, ಇವನು ಸೊಂಟ ನೋಡುತ್ತಿದ್ದ. ಯಾರು ಯಾವ ಕಡೆ ಬಾಗುತ್ತಾರೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಅದು ನಾನು ಕಲಿಸಿದ್ದಲ್ಲ. ಆದರೆ ದಪ್ಪ ಹುಡುಗರು ತೊಡೆ ಹಿಡಿದರೆ ಪಾಪ, ಅಲ್ಲೇ ಕುಸಿಯುತ್ತಿದ್ದ. 'ರೊಟ್ಟಿ ತಿಂದು ಗಟ್ಟಿಯಾಗಿ ಮುಂದಿನ ವರ್ಷ ಬಾರೋ' ಅಂದೆ. ಮುಂದಿನ ವರ್ಷ ಅವನು ಮೈದಾನದ ಕಡೆ ತಲೆ ಹಾಕಲಿಲ್ಲ. ನಾನೂ ಕರೆಯಲಿಲ್ಲ.

ಹತ್ತು ವರ್ಷದ ಮೇಲೆ ಹಾನಗಲ್ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಟಿಕೆಟ್ ಹರಿದು ಕೊಡುತ್ತಾ, 'ಸರ್, ಈಗ ಆರಿಸ್ತೀರೇನ್ರಿ?' ಅಂದ. ನಗುತ್ತಲೇ ಅಂದ. ನಾನು ಸುಮ್ನೆ ಚಿಲ್ಲರೆ ಎಣಿಸುತ್ತಾ ಕೂತೆ.

ಗಂಡು ಹುಡುಗರು ಹೆಚ್ಚಾಗಿ 13-14ರ ಸುಮಾರಿಗೆ ಸರ್ರನೆ ಎತ್ತರ ಆಗುತ್ತಾರೆ. ಕೆಲವರಿಗೆ 12ಕ್ಕೇ ಆಗಿರುತ್ತದೆ, ಕೆಲವರಿಗೆ 15 ದಾಟಬೇಕು. ಒಂದೇ ಬೆಂಚಿನ ಇಬ್ಬರ ಮೂಳೆಯ ವಯಸ್ಸಿನಲ್ಲಿ, ಅಂದರೆ ಮೂಳೆ ಎಷ್ಟು ಬಲಿತಿದೆ ಅನ್ನುವ ಲೆಕ್ಕದಲ್ಲಿ, ಎರಡು-ಮೂರು ವರ್ಷದ ಅಂತರ ಇರಬಹುದು. ಕ್ರಿಕೆಟ್‌ನಲ್ಲಿ ಬಿಸಿಸಿಐ 2012ರಿಂದ 16ರೊಳಗಿನ ಹುಡುಗರ ಎಡಗೈ ಎಕ್ಸ್‌ರೇ ತೆಗೆಸಿ ಈ ಮೂಳೆಯ ವಯಸ್ಸು ನೋಡುತ್ತದೆ. ಅದು ದೊಡ್ಡವರು ಚಿಕ್ಕವರ ತಂಡಕ್ಕೆ ನುಗ್ಗದಿರಲಿ ಅಂತ. ತಡವಾಗಿ ಬೆಳೆಯುವವನ ಪರವಾಗಿ ಇಂಥ ಒಂದು ಎಕ್ಸ್‌ರೇ ತೆಗೆಸಿದ್ದನ್ನು ನಾನು ಕಂಡಿಲ್ಲ.

ಹುಟ್ಟಿದ ತಿಂಗಳ ಆಟವೂ ಇದೆ. ಶಾಲಾ ಕ್ರೀಡೆಯಲ್ಲಿ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ. ಜನವರಿಯವನು ನವೆಂಬರಿನವನಿಗಿಂತ ಹತ್ತು ತಿಂಗಳು ದೊಡ್ಡವ, ಆದರೂ ಇಬ್ಬರೂ ಒಂದೇ ಗುಂಪು. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗುತ್ತಿದ್ದಾರೆ ಅಂತ 1980ರ ದಶಕದಲ್ಲೇ ಕಂಡುಕೊಂಡರು. ನಮ್ಮಲ್ಲಿ ಆ ಲೆಕ್ಕ ಹಾಕುವುದೂ ಕಷ್ಟ. ಹಳ್ಳಿ ಶಾಲೆಯ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ನನ್ನದೂ ಅದೇ!

ಗದುಗಿನ ಕ್ರಿಕೆಟ್ ಸ್ಪಿನ್ನರ್ ಸುನೀಲ್ ಜೋಶಿ ಅವರ ಕಥೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಹೋಗಿ ಶಾಲೆಯಲ್ಲಿ ಕೂರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ರನ್, 5 ವಿಕೆಟ್. 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಗೇ ಅಧ್ಯಕ್ಷರಾದರು. ಸಮಾರಂಭಗಳಲ್ಲಿ ಈ ಕಥೆ ಹೇಳಿ ಚಪ್ಪಾಳೆ ಹೊಡೆಸುತ್ತೇವೆ. ಆದರೆ ಅಷ್ಟು ಹಠ, ಬಸ್ ಚಾರ್ಜು, ಮನೆಯವರ ಬೆಂಬಲ ಮೂರೂ ಇದ್ದವನು ಮಾತ್ರ ಉಳಿಯುತ್ತಾನೆ ಅಂದರೆ ಅದು ನಾವು ಹೆಮ್ಮೆಪಡುವ ವಿಷಯವಲ್ಲ, ಅಲ್ವಾ? ರೋಣದ, ಹಿರೇಕೆರೂರಿನ ಹುಡುಗ ಒಮ್ಮೆ ಬೇಡ ಅನ್ನಿಸಿಕೊಂಡರೆ ಇನ್ನೊಮ್ಮೆ ಬಸ್ ಹತ್ತುವುದಿಲ್ಲ.

ಬೆಲ್ಜಿಯಂನ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆಂದೇ 'ಫ್ಯೂಚರ್ಸ್' ಎಂಬ ಬೇರೆ ತಂಡ ಕಟ್ಟಿದೆ. ನಮಗೆ ಅಷ್ಟೆಲ್ಲ ಬೇಡ. ಆಯ್ಕೆಯ ದಿನ ಎರಡು ಪಟ್ಟಿ ಮಾಡಿದರೆ ಸಾಕು. ಒಂದು, ಈ ವರ್ಷ ಆಡಲು. ಇನ್ನೊಂದು, ಆಟ ತಿಳಿದಿದೆ ಆದರೆ ಮೈ ಇನ್ನೂ ಬಂದಿಲ್ಲ ಅನ್ನುವವರದು. ಎರಡನೇ ಪಟ್ಟಿಯವರನ್ನು ತಿಂಗಳಿಗೆ ಒಂದು ಭಾನುವಾರ ತಾಲ್ಲೂಕು ಮೈದಾನಕ್ಕೆ ಕರೆಯಿರಿ, ಬಸ್ ಚಾರ್ಜು ಕೊಟ್ಟು. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಒಮ್ಮೆಲೇ ಬೆಳೆಯುವಾಗ ಹುಡುಗರಿಗೆ ಮೊಣಕಾಲು ನೋವು ಬರುವುದುಂಟು. ಆಗ ಸೋಗು ಹಾಕ್ತಿದ್ದೀಯಾ ಅಂತ ಬೈಯದೆ ನಾಲ್ಕು ದಿನ ಓಟ ಕಡಿಮೆ ಮಾಡಿ. ನಾನು ಬೈದಿದ್ದೇನೆ.

ಹುಡುಗಿಯರ ವಿಷಯ ಇನ್ನೊಂದು ಪತ್ರಕ್ಕಾಗುವಷ್ಟಿದೆ. ಅವರು ಹುಡುಗರಿಗಿಂತ ಎರಡು ವರ್ಷ ಮೊದಲೇ ಬೆಳೆಯುತ್ತಾರೆ, ಎಂಟನೇ ಇಯತ್ತೆಗೆ ಬರುವಷ್ಟರಲ್ಲಿ ಮನೆಯವರು ಮೈದಾನಕ್ಕೇ ಕಳಿಸುವುದಿಲ್ಲ.

ನಾನು ಈಗ ಹಾವೇರಿಯಲ್ಲೇ ಇದ್ದೇನೆ, ಭಾನುವಾರ ಬಿಡುವು. ಹಾವೇರಿ, ಗದಗ, ಧಾರವಾಡ ಮೂರು ಜಿಲ್ಲೆಗಳಲ್ಲಿ ಯಾರೇ ಆ ಎರಡನೇ ಪಟ್ಟಿ ಮಾಡಿದರೂ ಟೇಪು ಹಿಡಿದು ನಿಲ್ಲಲು ಬರುತ್ತೇನೆ. ಟೇಪು ನನ್ನ ಹತ್ತಿರವೇ ಇದೆ.

ನಿಮ್ಮ ಓದುಗ,
ನಿವೃತ್ತ ದೈಹಿಕ ಶಿಕ್ಷಕ, ಹಾವೇರಿ