ಮಗಳ, ಮೂರನೇ ವಾರಕ್ಕ ಗುಳಿಗಿ ಬಿಡಬ್ಯಾಡ

ಮಗಳ,

ಮೊನ್ನೆ ರಾತ್ರಿ ಫೋನ್‌ನ್ಯಾಗ "ಅಪ್ಪಾ, ಮೂರ ವಾರ ಆತು, ಡಿಪ್ರೆಷನ್ ಗುಳಿಗಿ ತಗೊಂಡು ಏನೂ ಆಗವಲ್ದು, ಬಿಟ್ಟಬಿಡ್ತೀನಿ" ಅಂದಿ. ನನಗ ಬಾಯಾಗ ಮಾತ ಬರಲಿಲ್ಲ. ಅದಕ್ಕ ಇದನ್ನ ವಾಟ್ಸಾಪ್‌ನ್ಯಾಗ ಉದ್ದಕ ಬರ್ಯಾಕತ್ತೀನಿ, ಒಮ್ಮೆಲೆ ಓದಾಕ ಆಗಲಿಲ್ಲಂದ್ರ ಸ್ವಲ್ಪ ಸ್ವಲ್ಪ ಓದು.

ಮೊದಲ ನನ್ನ ತಪ್ಪ ಹೇಳ್ತೀನಿ. ದೀಪಾವಳಿಗೆ ನೀ ಹುಬ್ಬಳ್ಳಿಗೆ ಬಂದಾಗ ಹಾಸಗಿ ಬಿಟ್ಟ ಏಳತಿದ್ದಿಲ್ಲ, ನಿಮ್ಮವ್ವ ಗಿರ್ಮಿಟ್ ಮಾಡಿ ಮುಂದ ಇಟ್ರೂ ಮುಟ್ಟಲಿಲ್ಲ, ನಾ ಸಿಟ್ಟಿಗೆದ್ದು "ಮನಸ್ ಗಟ್ಟಿ ಮಾಡ್ಕೊ, ಎಲ್ಲಾರಿಗೂ ಇರೋದ ಇದು" ಅಂದೆ. ಆ ಮಾತ ಈಗ ನನಗ ಚುಚ್ಚತೈತಿ.

ನಮ್ಮ ಓಣ್ಯಾಗ ಮೆಡಿಕಲ್ ಓದೋ ಹುಡುಗ ಅದಾನಲ್ಲ, ಅವನ್ನ ಎರಡ ತಾಸು ಕುಂದ್ರಿಸ್ಕೊಂಡು ಕೇಳಿದೆ (ನಿನ್ನ ಹೆಸರ ಹೇಳಿಲ್ಲ, ಹೆದರಬ್ಯಾಡ). ಮೆದುಳು ಮೈತೂಕದಾಗ 100ಕ್ಕ 2 ಪಾಲ ಅಷ್ಟ ಅಂತ, ಆದ್ರ ಮೈಗೆ ಬೇಕಾಗೋ ಆಮ್ಲಜನಕದಾಗ 20 ಪಾಲ ಅದಕ್ಕ ಹೋಗತೈತಿ, ಹೊತ್ತಕೊಂಡು ಹೋಗೋದು ರಕ್ತ. ನಾ ಮೂವತ್ತ ವರ್ಷ ಓಣಿಗೆ ನೀರ ಬಿಡೋ ವಾಲ್‌ಮನ್ ಕೆಲಸ ಮಾಡಿದವ, ಲಗೂನ ತಿಳೀತು. ಒಂದ ಫರಕ ಐತಿ. ನಮ್ಮಲ್ಲಿ ವಾಲ್ವ್ ತಿರುವಿದ ಕಡೆ ನೀರ ಹೋಗತೈತಿ, ಮಂದಿ ಕೊಡ ಹಿಡಕೊಂಡು ಎಷ್ಟ ಬಡಕೊಂಡ್ರೂ ಅಷ್ಟ. ತಲ್ಯಾಗ ಹಂಗಲ್ಲ, ಕೆಲಸ ಜಾಸ್ತಿ ನಡದ ಓಣಿನ ತನ್ನ ಪೈಪ್ ತಾನ ಅಗಲ ಮಾಡ್ಕೋತೈತಿ.

1999ರಾಗ ಹೆಲೆನ್ ಮೇಬರ್ಗ್ ಅನ್ನೋ ನ್ಯೂರಾಲಜಿ ಡಾಕ್ಟರು ಮತ್ತ ಅವರ ಜೋಡಿದವ್ರು ಪೆಟ್ ಸ್ಕ್ಯಾನ್‌ನ್ಯಾಗ (ಮೆದುಳಿನ ಯಾವ ಭಾಗದಾಗ ಕೆಲಸ ಜಾಸ್ತಿ ನಡದೈತಿ ಅಂತ ತೋರಸೋ ಫೋಟೋ) ಇದನ್ನ ನೋಡ್ಯಾರ. ಆರಾಮ ಇದ್ದ ಮಂದಿ ದುಃಖದ ನೆನಪ ತಗದಾಗ, ಮೆದುಳಿನ ನಡುವ ಒಳಗ ಡಾಕ್ಟರ್ ಮಂದಿ 25ನೇ ನಂಬರ್ ಕೊಟ್ಟ ಒಂದ ಜಾಗ ಐತಿ, ಅಲ್ಲಿ ರಕ್ತ ಏರಿತ್ತು, ಹಣಿ ಹಿಂದಿನ ಪ್ರೀಫ್ರಂಟಲ್ ಭಾಗದಾಗ ಇಳದಿತ್ತು. ಡಿಪ್ರೆಷನ್‌ನಿಂದ ಆರಾಮ ಆದವರಾಗ ಪೂರಾ ಉಲ್ಟಾ, ಒಳಗಿನ ಜಾಗದ ಕೆಲಸ ಇಳದು ಹಣಿ ಹಿಂದಿಂದು ಏರಿತ್ತು. ವಿಚಾರ ಮಾಡಾಕ, ಏಳಬೇಕು ಅಂತ ಠರಾಯಿಸಾಕ, ಮನಸ್ ಹಿಡ್ಯಾಕ ಬೇಕಾಗಿದ್ದು ಆ ಹಣಿ ಹಿಂದಿನ ಭಾಗನ ಅಲ್ಲವಾ? ಅಂದ್ರ ನೀರ ಕಡಿಮಿ ಆಗಿದ್ದ ಓಣಿಗೇ ಹೋಗಿ ನಾ ಟಾಕಿ ತುಂಬ್ಸು ಅಂದಂಗಾತು.

ಹಂಗಾರ ಒಂದ ಸ್ಕ್ಯಾನ್ ಮಾಡ್ಸಿದ್ರ ಗೊತ್ತಾಗತೈತಲ್ಲ ಅಂತ ಆ ಹುಡುಗನ್ನ ಕೇಳಿದೆ. ಇಲ್ಲಂತ. ಇದು ಹತ್ತಾರ ಮಂದಿದು ಕೂಡಿಸಿ ನೋಡಿದಾಗ ಕಾಣೋದು, ಒಬ್ಬರ ಫೋಟೋ ನೋಡಿ ಡಿಪ್ರೆಷನ್ ಅಂತ ಹೇಳಾಕ ಬರೂದಿಲ್ಲ, ಅದಕ್ಕ ನಿಮ್ಮ ಡಾಕ್ಟರ್ ಮಾಡಿಸಿಲ್ಲ.

ನಿನಗ ಮುಖ್ಯ ಹೇಳಬೇಕಾಗಿದ್ದು ಇದು. ಮರುವರ್ಷ ಮೇಬರ್ಗ್ ಅವರ ತಂಡನ ಫ್ಲೂಯಾಕ್ಸೆಟಿನ್ ಅನ್ನೋ ಡಿಪ್ರೆಷನ್ ಗುಳಿಗಿ ತಗೊಳ್ಳೋರನ್ನ ಒಂದನೇ ವಾರ ಮತ್ತ ಆರನೇ ವಾರ ಸ್ಕ್ಯಾನ್ ಮಾಡ್ತು. ಸಣ್ಣ ಪರೀಕ್ಷೆ, ಕೆಲವ ಗಂಡಸರ ಮ್ಯಾಲ ಅಷ್ಟ. ಒಂದನೇ ವಾರದಾಗ ಮೆದುಳಿನ್ಯಾಗ ಬದಲಿ ಶುರು ಆಗಿತ್ತು, ಆದ್ರ ಆ 25ನೇ ಜಾಗ ತಣ್ಣಗಾಗಿ ಹಣಿ ಹಿಂದಿಂದು ಎದ್ದಿದ್ದು ಆರನೇ ವಾರಕ್ಕ, ಅದೂ ಆರಾಮ ಆದವರಾಗ ಮಾತ್ರ. ಉಳದವರಾಗ ಒಂದನೇ ವಾರದ್ದ ಹಂಗ ನಿಂತಿತ್ತು, ಅಂಥವರಿಗೆ ಡಾಕ್ಟರ್ ಗುಳಿಗಿ ಬದಲಿ ಮಾಡ್ತಾರ. ನೀ ಮೂರನೇ ವಾರದಾಗ ಅದೀಯವ್ವಾ. ನಡುದಾರ್ಯಾಗ.

ಎಂಟ ದಿನ ಒಣಗಿದ ಲೈನಿಗೆ ವಾಲ್ವ್ ತಗದ್ರ ಮೊದಲ ಬುಸ್ಸಂತ ಗಾಳಿ ಬರತೈತಿ, ಆಮ್ಯಾಲ ರಾಡಿ ನೀರ. ಹೊಸದಾಗಿ ಬಂದ ಮಂದಿ ನಳ ಬಂದ್ ಮಾಡಿ ಒಳಗ ಹೋಗತಿದ್ರು, ನಾ ಓಣಿ ತುಂಬ ಅಡ್ಡಾಡಿ "ಬಂದ್ ಮಾಡಬ್ಯಾಡ್ರಿ" ಅಂತ ಹೇಳ್ತಿದ್ದೆ. ಮೊನ್ನೆ ನೀ ಗೆಳತಿ ಜೋಡಿ ನಕ್ಕೆ, ಆಮ್ಯಾಲ ಸುಮ್ ಸುಮ್ನ ಅತ್ತೆ ಅಂದೆಲ್ಲ, ನನಗ ಅದ ನೆನಪಾತು.

ರಾತ್ರಿ ಭಾಳ ಆತಂದ್ರ ಎಷ್ಟ ಹೊತ್ತಾದ್ರೂ ನನಗ ಫೋನ್ ಮಾಡು, ಅಪ್ಪಗ ಹೇಳಾಕ ಆಗೂದಿಲ್ಲಂದ್ರ ಸರಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಚ್ಚು, ಹಗಲು ರಾತ್ರಿ ಇರತಾರ, ರೊಕ್ಕ ಇಲ್ಲ. ಶನಿವಾರ ಮುಂಜಾನೆ ಬೆಂಗಳೂರಿಗೆ ಬರತೀನಿ, ಡಾಕ್ಟರ್ ಕಡೆ ಕೂಡೇ ಹೋಗೋಣು, ಬಿಡೋದು ಬದಲಿ ಮಾಡೋದು ಅವರ್ನ ಕೇಳೋಣು. ನಿಮ್ಮವ್ವ ಕಟಕ ರೊಟ್ಟಿ, ಗುರೆಳ್ಳ ಚಟ್ನಿ ಕಟ್ಟಾಕತ್ಯಾಳ. ತಿನ್ನಾಕ ಆಗಲಿಲ್ಲಂದ್ರ ಡಬ್ಬ್ಯಾಗ ಇರಲಿ, ಕೆಡೂದಿಲ್ಲ.

ನಿಮ್ಮಪ್ಪ